ಇಳಿದ ತಂತಿ

ಆನ್‌ಲೈನ್‌ನಲ್ಲಿ ಚೆಲ್ಲೊ ವಾದಕರ ಬಳಗಗಳಿಗೇನೂ ಕೊರತೆಯಿರಲಿಲ್ಲ. ಎಲ್ಲವೂ ಚುರುಕಾಗಿದ್ದವು, ಏಕೆಂದರೆ ಸದಸ್ಯರು ಸತ್ತ ಮೇಲೂ ಅವರ ಖಾತೆಗಳು ತಾವಾಗಿಯೇ ಮಾತಾಡುತ್ತಿದ್ದವು. ಬದುಕಿರುವವರನ್ನು ಹುಡುಕಲು ವಾದಕರಲ್ಲಿ ಒಂದು ರೂಢಿಯಿತ್ತು: ಒಂದು ತಂತಿಯ ಶ್ರುತಿಯನ್ನು ಬೇಕೆಂದೇ ಇಳಿಸಿ ನುಡಿಸುವುದು. ಸತ್ತವರ ಖಾತೆಗಳು ತಪ್ಪನ್ನು ಎತ್ತಿ ತೋರಿಸುವುದಿಲ್ಲ, ಬರೀ ಹೊಗಳುತ್ತವೆ.

ಮೈಸೂರಿನ ಎಸ್ತರ್ ಅಂದು ಸಂಜೆಯೂ ಮೊದಲ ತಂತಿಯ ಬಿರಡೆ ಸಡಿಲಿಸಿ, ನುಡಿಸಿ, ಸಿಕ್ಕ ಬಳಗಗಳಿಗೆಲ್ಲ ಕಳಿಸಿದಳು. ಹೊಗಳಿಕೆ ಕ್ಷಣದಲ್ಲೇ ಸುರಿಯಿತು. ತೀರಿಹೋದ ಗಂಡ ಸಾಲೊಮನ್‌ನ ಖಾತೆಯೂ ಎಂದಿನಂತೆ ಬರೆಯಿತು: "ತುಂಬಾ ಚೆನ್ನಾಗಿದೆ ಕಣೇ." ಬದುಕಿದ್ದಾಗ, ಶ್ರುತಿ ತಪ್ಪಿದರೆ ಆತ ಅರ್ಧಕ್ಕೇ ಅವಳ ಕಮಾನು ಹಿಡಿದು ನಿಲ್ಲಿಸುತ್ತಿದ್ದ.

ಎಲ್ಲಕ್ಕಿಂತ ಸಣ್ಣ ಬಳಗವೊಂದು ಮಾತ್ರ ಸುಮ್ಮನಿತ್ತು. ಮರುದಿನ ಅಡುಗೆಯ ಹೊತ್ತಿಗೆ ಅಲ್ಲಿಂದ ಹಾಸನದ ಜಯಶೀಲಾ ಎಂಬವರ ದನಿ ಸಂದೇಶ ಬಂತು.

"ಮೊದಲನೇ ತಂತಿ ಬೇಕಂತಲೇ ಇಳಿಸಿದ್ದೀರಿ, ಗೊತ್ತಾಯ್ತು ಮೇಡಂ. ನಾವೂ ಹಾಗೇ ಮಾಡೋದು. ಆದ್ರೆ ಮೂರನೇದೂ ಇಳಿದಿದೆಯಲ್ಲ, ಅದ್ಯಾಕೆ?"

ಎಸ್ತರ್ ಒಲೆ ಆರಿಸಿ ಬಂದು ಮೂರನೆಯ ತಂತಿಯನ್ನು ಮೀಟಿದಳು. ಹೌದು, ಇಳಿದಿತ್ತು. ಸಾಲೊಮನ್ ಹೋದ ಮೇಲೆ ಅದನ್ನು ಅವಳಿಗೆ ಯಾರೂ ಹೇಳಿರಲಿಲ್ಲ.