ಸಾಸಿವೆಯಷ್ಟು ಬೆಳಕು

ಏಳು ಕೋಟೆಯಾಚೆಯ ಗಿಳಿಯಲ್ಲಿ ರಾಕ್ಷಸನ ಜೀವವಿದ್ದಂತೆ, ವಿಜ್ಞಾನಿ ಚಂದ್ರಮತಿಯ ಜೀವ ಸಾಸಿವೆಯಷ್ಟಿದ್ದ ಒಂದು ಅರೆವಾಹಕ ಚಿಪ್‌ನಲ್ಲಿತ್ತು. ಲೇಸರ್ ತಾಕಿದರೆ ಮಾತ್ರ ಅದು ಬೆಳಕಿನ ಕಣಗಳನ್ನು ಒಂದೊಂದಾಗಿ ಉದುರಿಸಬೇಕು, ಪಕ್ಕದ ಯಂತ್ರ ಅವನ್ನು ಎಣಿಸಬೇಕು. ಹದಿನಾಲ್ಕು ವರ್ಷವಾದರೂ ಒಂದೂ ಉದುರಿರಲಿಲ್ಲ. ಆ ದಿನ ಸಂಜೆಗೆ ಅವಳ ಪ್ರಯೋಗಾಲಯಕ್ಕೆ ಬೀಗ ಬೀಳುವುದಿತ್ತು.

ಮಧ್ಯಾಹ್ನ ಇದ್ದಕ್ಕಿದ್ದಂತೆ ಪರದೆಯ ಮೇಲೆ ಅಂಕಿ ಏರತೊಡಗಿತು. ಬಾಗಿಲಾಚೆ ಬಿಟ್ಟಿದ್ದ ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿದವಳು ನಿರ್ದೇಶಕರನ್ನು ಕರೆತಂದಳು.

ಅವರು ಕನ್ನಡಕ ಏರಿಸಿ ನೋಡಿದರು. "ಭಲೇ ಕಣಮ್ಮ! ಇದು ನಿಲ್ಲೋ ಹಾಗೇ ಕಾಣಲ್ಲ. ಬೀಗದ ಆರ್ಡರ್ ನಾನೇ ಹರಿದು ಹಾಕ್ತೀನಿ."

"ಇಷ್ಟು ವರ್ಷ ನಿಮ್ಮ ಕೈಲಿ ಬೈಸ್ಕೊಂಡಿದ್ದು ಸಾರ್ಥಕ ಆಯ್ತು, ಸರ್."

ಅಂಕಿ ಅದೇ ವೇಗದಲ್ಲಿ ಏರುತ್ತಲೇ ಇತ್ತು. ಕಣ್ಣೊರೆಸಿಕೊಂಡು ಅವಳು ಮೇಜಿನಾಚೆ ನಿಂತಿದ್ದ ಹಿರಿಯ ತಂತ್ರಜ್ಞನತ್ತ ತಿರುಗಿದಳು.

"ಬಸಲಿಂಗಯ್ಯನೋರೇ, ಇನ್ನು ಲೇಸರ್ ಆರಿಸಿ. ಪಾಪ, ಚಿಪ್ ಒಂಚೂರು ಸುಧಾರಿಸ್ಕೊಳ್ಲಿ."

"ನೀವು ಸಾಹೇಬರನ್ನ ಕರೆಯೋಕೆ ಓಡಿದಾಗಲೇ ಆರಿಸಿದ್ನಲ್ಲ, ಮೇಡಂ."