ಹೆಸರಿಡುವವಳ ದೋಣಿ

ದಾರ ಟಪ್ಪೆಂದು ಹರಿದು ಡಾರ್ಲಾಳ ಗಾಳದ ಕೋಲು ನೆಟ್ಟಗಾಯಿತು. ಕೆಂಪು ಮೀನು ಜೊಂಡಿನ ಬುಡದ ಸಿಂಪಿಚಿಪ್ಪುಗಳಿಗೆ ದಾರವನ್ನು ಉಜ್ಜಿ, ಅವಳ ರಬ್ಬರ್ ಸೀಗಡಿಯನ್ನೂ ಬಾಯಲ್ಲಿಟ್ಟುಕೊಂಡೇ ಹೊರಟುಹೋಯಿತು.

ದೋಣಿಯ ಹಿಂಬದಿಯಲ್ಲಿ ಕೂತಿದ್ದ ಅತ್ತೆ ಅಜೆಲಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಎಷ್ಟು ಪೌಂಡು ಭಾರ ತಡೆಯೋ ದಾರ ಅಂದೆ?"

"ಹತ್ತು, ಅತ್ತೆ. ನೀರಲ್ಲಿ ಕಾಣೋದೇ ಇಲ್ಲ, ಗಾಜಿನ ಥರ..."

"ಹತ್ತು! ಅದರಲ್ಲಿ ಅಂಗಿ ಗುಂಡಿ ಹೊಲೀಬೋದು ಕಣೆ. ನಿಮ್ಮೂರ ಕೆರೆಯ ಬಾಸ್ ಮೀನಿಗೆ ಅದು ಸರಿ, ಅವಕ್ಕೆ ಮಾನ ಮರ್ಯಾದೆ ಇರುತ್ತೆ. ಇದು ಸಮುದ್ರದ ಹಿತ್ತಿಲು. ಇಲ್ಲಿ ಹೆಣೆದ ದಾರಾನೇ ಬೇಕು, ಅದೂ ಮೂವತ್ತು ಪೌಂಡು. ಅದಕ್ಕಿಂತ ಕಮ್ಮೀದು ತಂದೋರು ಮನೆಗೆ ಕತೆ ತಗೊಂಡು ಹೋಗ್ತಾರೆ, ಮೀನಲ್ಲ."

ಡಾರ್ಲಾ ತಲೆ ತಗ್ಗಿಸಿದಳು. ಮೀನು ಹೋದದ್ದಕ್ಕಲ್ಲ, ಹೆಸರಿನ ಭಯಕ್ಕೆ. ಲೂಯಿಸಿಯಾನಾದ ಆ ಜೌಗಿನ ಊರಲ್ಲಿ ಹೊಸ ಸೊಸೆ ಮೊದಲ ಸಲ ದೋಣಿ ಹತ್ತಿದ ದಿನವೇ ಅವಳಿಗೊಂದು ಅಡ್ಡಹೆಸರು ಬೀಳುತ್ತಿತ್ತು. ಬಿದ್ದದ್ದು ಗೋರಿಯ ತನಕ. ದೊಡ್ಡ ಸೊಸೆ ತನ್ನ ಸರದಿಯ ದಿನ ಗಾಳ ಮುಟ್ಟದೆ ಬುತ್ತಿ ಬಿಚ್ಚಿದ್ದಳು. ಈಗ ಚರ್ಚಿನ ಪಾದ್ರಿಗಳೂ ಅವಳನ್ನು "ಬುತ್ತಿ" ಎಂದೇ ಕರೆಯುತ್ತಿದ್ದರು. ಪಕ್ಕದ ಮನೆಯ ಸೊಸೆ "ವಾಂತಿ". ಇವೆಲ್ಲ ಅಜೆಲಿ ಇಟ್ಟ ಹೆಸರುಗಳು. ಅವಳೊಬ್ಬಳಿಗೆ ಮಾತ್ರ ಅಡ್ಡಹೆಸರಿರಲಿಲ್ಲ. ಇಡುವ ಎದೆ ಊರಲ್ಲಿ ಯಾರಿಗೂ ಇರಲಿಲ್ಲ.

"ನಿನ್ನ ಹೆಸರು ನಾಲಿಗೆ ತುದೀಲಿದೆ," ಎಂದು ಅಜೆಲಿ ಗಾಳ ಬೀಸಿದಳು. "'ಗುಂಡಿದಾರ' ಹೇಗೆ? ಬೇಡ, ತಡಿ. ಇನ್ನೂ ರುಚಿಯಾದ್ದು ಸಿಗುತ್ತೆ."

ಅವಳ ರೀಲು ಹೊಸದು, ಅದರ ತುಂಬ ಗಿಳಿ ಹಸಿರಿನ ಹೆಣೆದ ದಾರ. ಬೆಳಗ್ಗೆ ಜಗುಲಿಯಲ್ಲಿ ಕೂತು ಅದನ್ನು ರೀಲಿನ ಬೋಳು ಉರುಳೆಯ ಮೇಲೆ ನೇರವಾಗಿ ಸುತ್ತುತ್ತಿದ್ದಾಗ ಡಾರ್ಲಾ ಧೈರ್ಯ ಮಾಡಿ ಹೇಳಿದ್ದಳು: "ಅತ್ತೆ, ಅಡೀಲಿ ನಾಲ್ಕು ಸುತ್ತು ಸಾದಾ ನೈಲಾನ್ ದಾರ ಹಾಕಿದ್ರೆ ಹಿಡಿತ ಬರುತ್ತೆ. ಇಲ್ಲಾಂದ್ರೆ ಹೆಣೆದದ್ದು ಜಾರುತ್ತೆ." ಅಜೆಲಿ ಹುಬ್ಬೇರಿಸಿದ್ದಳು: "ಯಾಕೆ, ದಾರಕ್ಕೂ ಹಾಸಿಗೆ ಬೇಕಾ?" ಡಾರ್ಲಾ ತನ್ನ ಗಾಳ ಎತ್ತಿಕೊಂಡು ದೋಣಿಯ ಕಡೆ ನಡೆದಿದ್ದಳು.

ಅಷ್ಟರಲ್ಲಿ ಅಜೆಲಿಯ ಕೋಲು ಬಿಲ್ಲಿನ ಹಾಗೆ ಬಾಗಿತು. "ಬಂತು ನೋಡು! ಮೂವತ್ತು ಪೌಂಡು ಅಂದ್ರೆ ಇದು!" ಅವಳು ರೀಲಿನ ಹಿಡಿಯನ್ನು ಗರಗರ ತಿರುಗಿಸಿದಳು. ತಿರುಗಿಸಿಯೇ ತಿರುಗಿಸಿದಳು. ಮೀನು ಹತ್ತಿರ ಬರುವ ಬದಲು ದೂರ ಹೋಗುತ್ತಿತ್ತು. ಹಿಡಿ ತಿರುಗಿದಂತೆ ಹಸಿರು ದಾರದ ಇಡೀ ಮುದ್ದೆ ಉರುಳೆಯ ಮೇಲೆ ನುಣ್ಣಗೆ ಜಾರಿ, ಇದ್ದಲ್ಲೇ ಗಿರಗಿರ ಸುತ್ತುತ್ತಿತ್ತು.

"ಏನಾಗಿದೆ ಇದಕ್ಕೆ? ಅಂಗಡಿಯವನು ಟೋಪಿ ಹಾಕಿದ!" ಅಜೆಲಿ ಬೆವರು ಸುರಿಸುತ್ತ ಇನ್ನೂ ಜೋರಾಗಿ ತಿರುಗಿಸಿದಳು.

ಮದುವೆಯಾಗಿ ಬಂದಾಗಿನಿಂದ ಆ ಮನೆಯಲ್ಲಿ ದನಿಯೆತ್ತದ ಡಾರ್ಲಾಳ ಬಾಯಿಂದ ಮಾತು ತಾನಾಗಿ ಹಾರಿತು: "ಅಯ್ಯೋ ಅತ್ತೆ, ಹೀಗೆ ಕಡೆದರೆ ಬೆಣ್ಣೆ ಬರುತ್ತೆ, ಮೀನು ಬರಲ್ಲ!"

ಕಾಲುವೆಯ ತಿರುವಿನಲ್ಲಿ ಏಡಿಯ ಬುಟ್ಟಿ ಎತ್ತುತ್ತಿದ್ದ ನೆರೆಮನೆಯ ಒವೀದ್ ಬುಟ್ಟಿಯನ್ನು ವಾಪಸು ನೀರಿಗೆ ಬಿಟ್ಟ. ಅವನ ನಗು ಕೇಳಿ ಜೊಂಡಿನೊಳಗಿನ ಕೊಕ್ಕರೆಗಳು ಎದ್ದು ಹಾರಿದವು. "ಏನಂದೆ ಮಗಳೇ? ಇನ್ನೊಂದ್ಸಲ ಹೇಳು!"

ಡಾರ್ಲಾ ಕೆಂಪಾದಳು. ಆದರೆ ನಾಚಿಕೆಗೆ ಅದು ಹೊತ್ತಾಗಿರಲಿಲ್ಲ. ಅತ್ತೆ ಕೋಲು ಬಿಸಾಡಿ ದಾರಕ್ಕೇ ಕೈ ಹಾಕಿದ್ದಳು. "ಕೈಗೆ ಸುತ್ಕೋಬೇಡಿ, ಬೆರಳು ಕೊಯ್ಯುತ್ತೆ!" ಎನ್ನುತ್ತ ಡಾರ್ಲಾ ಹುಟ್ಟು ಎತ್ತಿಕೊಂಡು, ಅದರ ಕಾವಿಗೆ ದಾರ ತೊಡಿಸಿ, ಉಣ್ಣೆ ಸುತ್ತುವ ಹಾಗೆ ಸುತ್ತತೊಡಗಿದಳು. ಅಜೆಲಿ ಮೊಣಕಾಲೂರಿ ಕೈಬಲೆ ಹಿಡಿದಳು. ಸುತ್ತು, ಸಡಿಲು, ಮತ್ತೆ ಸುತ್ತು. ಕಡೆಗೆ ತಾಮ್ರದ ತಂಬಿಗೆಯಂತೆ ಹೊಳೆಯುವ ಮೀನು ದೋಣಿಯೊಳಗೆ ಬಿದ್ದು ಇಬ್ಬರ ಮುಖಕ್ಕೂ ನೀರೆರಚಿತು. ಅತ್ತೆ ಸೊಸೆ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು.

ಅವರು ದಡ ಮುಟ್ಟುವ ಮೊದಲೇ ಒವೀದ್‌ನ ದೋಣಿ ಮುಟ್ಟಿತ್ತು. ಕಟ್ಟೆಯ ಮೇಲೆ ಅರ್ಧ ಊರೇ ಸೇರಿತ್ತು. "ಬೆಣ್ಣೆ! ಏ ಬೆಣ್ಣೆ! ಮೀನೆಷ್ಟು ತೂಗುತ್ತೆ?" ಎಂದು ಯಾರೋ ಕೂಗಿದರು. ಅಜೆಲಿ ತನಗರಿವಿಲ್ಲದೆ ತಿರುಗಿ ನೋಡಿದಳು. ತಿರುಗಿದ ಮೇಲೆ ಮುಗಿಯಿತು, ಹೆಸರು ಅಂಟಿತು. "ಬುತ್ತಿ" ಚಪ್ಪಾಳೆ ತಟ್ಟಿಕೊಂಡು ಕುಣಿದೇಬಿಟ್ಟಳು.

ಸಂಜೆ ಒಲೆಯ ಮೇಲೆ ಮೀನಿನ ಸಾರು ಕುದಿಯುತ್ತಿತ್ತು. ಅಜೆಲಿ ಜಗುಲಿಗೆ ಬಂದು, ಹಸಿರು ದಾರವನ್ನೆಲ್ಲ ಬಿಚ್ಚಿದ ಬೋಳು ಉರುಳೆಯನ್ನು ಸೊಸೆಯ ಮಡಿಲಿಗೆ ಹಾಕಿದಳು.

"ಹಾಸು ನಿನ್ನ ಹಾಸಿಗೆ."

ಡಾರ್ಲಾ ಸಾದಾ ದಾರದ ಸುತ್ತು ಶುರುಮಾಡಿದಳು. "ತುದೀಗೆ ಎರಡು ಮಾರು ನನ್ನ ಗಾಜಿನ ದಾರಾನೂ ಕಟ್ಲಾ ಅತ್ತೆ? ಇಪ್ಪತ್ತು ಪೌಂಡಿಂದು ಇದೆ. ಚಿಪ್ಪಿಗೂ ತಡೆಯುತ್ತೆ, ಕೆಂಪು ಮೀನಿಗೂ ಕಾಣಲ್ಲ."

"ಕಟ್ಟು, ಕಟ್ಟು."

ದಾರ ಸುತ್ತುತ್ತಲೇ ಡಾರ್ಲಾ ಮೆಲ್ಲಗೆ ಕೇಳಿದಳು: "ಮತ್ತೆ ನನ್ನ ಹೆಸರು?"

"ಹೆಸರಿಡೋರಿಗೆ ಹೆಸರಿರಲ್ಲ ಕಣೆ," ಎಂದಳು ಬೆಣ್ಣೆ. "ಈಸ್ಟರ್ ಆದ್ಮೇಲೆ ನಿನ್ನ ಮೈದುನನ ಹೆಂಡ್ತಿ ಬರ್ತಾಳೆ. ಈಗಿಂದಾನೇ ಯೋಚನೆ ಮಾಡಿಟ್ಕೋ."