ಮೂರನೆಯ ಉಸಿರು

“ಮೂರನೇದು ಕುಂಟ್ತಾ ಇದೆ” ಎಂದುಬಿಟ್ಟರು ಮೇಸ್ತ್ರಿ.

ಹೊಸದಾಗಿ ಕಟ್ಟಿದ ಉಗಿ ಎಂಜಿನು ಕಾರ್ಖಾನೆಯ ಅಂಗಳದ ಹಳಿಯ ಮೇಲೆ ಮೊಟ್ಟಮೊದಲ ಸಲ ನೂರು ಗಜ ನಡೆದು ಬಂದು ನಿಂತಿತ್ತು. ಚಕ್ರ ಒಂದು ಸುತ್ತು ತಿರುಗುವಷ್ಟರಲ್ಲಿ ಅದರ ಹೊಗೆಕೊಳವೆ ನಾಲ್ಕು ಸಲ ಉಸಿರು ಬಿಡುತ್ತದೆ. ನಾಲ್ಕೂ ಒಂದೇ ತೂಕದವಾದರೆ ಒಳಗಿನ ವಾಲ್ವುಗಳು ಸರಿಯಾಗಿ ಕೂತಿವೆ ಎಂದರ್ಥ. ಒಂದು ಗಟ್ಟಿಯಾಗಿ ಇನ್ನೊಂದು ಮೆತ್ತಗಾದರೆ ಎಂಜಿನು ಕುಂಟುತ್ತಿದೆ ಎನ್ನುತ್ತಾರೆ. ಅದನ್ನು ಬರಿಗಿವಿಯಿಂದ ಕೇಳಿ ಹೇಳುವುದರಲ್ಲಿ ಮೇಸ್ತ್ರಿಯನ್ನು ಬಿಟ್ಟರಿಲ್ಲ. ಕೆಲಸದಿಂದ ನಿವೃತ್ತರಾಗಿ ಎಷ್ಟೋ ಕಾಲವಾದರೂ ಹಳಬರು ಅವರನ್ನು ಕಿವಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು.

ಎಂಜಿನನ್ನು ಕಟ್ಟಿಸಿದ ಎಂಜಿನಿಯರ್ ಮೇಸ್ತ್ರಿಯ ತಮ್ಮನ ಮಗಳು. ಅವಳು ಕೈಯಲ್ಲಿದ್ದ, ಉಸಿರಿನ ಸದ್ದು ಅಳೆಯುವ ಪರದೆಯನ್ನು ನೋಡಿ ಹುಬ್ಬು ಗಂಟಿಕ್ಕಿದಳು. “ದೊಡ್ಡಪ್ಪ, ಇದರಲ್ಲಿ ನಾಲ್ಕೂ ಸಮ ತೋರಿಸ್ತಿದೆಯಲ್ಲ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ.”

“ಹಾಗಾದ್ರೆ ಅದನ್ನೇ ಕೇಳ್ಕೋ. ನನ್ನನ್ಯಾಕೆ ಕರೆಸ್ದೆ?”

ಎಂಜಿನಿನ ಕಿಟಕಿಯಿಂದ ಮುದಿ ಡ್ರೈವರ್ ತಲೆ ಹೊರಹಾಕಿದ. ಮೇಸ್ತ್ರಿಯ ಓರಗೆಯವನು, ಈ ಒಂದು ದಿನಕ್ಕೆಂದು ಅವನನ್ನೂ ಹುಡುಕಿ ಕರೆತಂದಿದ್ದರು. “ಅಲ್ಲಯ್ಯಾ, ನನಗೇನೋ ಬೆಣ್ಣೆ ಮೇಲೆ ಕೈಯಾಡಿಸಿದ ಹಾಗಿತ್ತು.”

“ನಿನ್ನ ಎಡಗಿವಿ ಹೋಗಿ ಇಪ್ಪತ್ತು ವರ್ಷ ಆಯ್ತು.”

“ಬಲಗಿವೀಲಿ ಕೇಳ್ದೆ ಕಣಯ್ಯಾ. ಅದಿನ್ನೂ ನನ್ನ ಹತ್ರಾನೇ ಇದೆ.”

ಡ್ರೈವರ್ ಹೇಳಿದ್ದೇ ನಿಜ. ಮೂರನೆಯದು ಕುಂಟುತ್ತಿರಲಿಲ್ಲ. ಒಂದು, ಎರಡು, ಮೂರು, ನಾಲ್ಕು ಎಂದು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಬಂದಿದ್ದವು. ಅಂಥ ನಾಲ್ಕು ಉಸಿರನ್ನು ಕೇಳಬೇಕೆಂದು ಮೇಸ್ತ್ರಿ ನಲವತ್ತು ವರ್ಷ ಅರ ಉಜ್ಜಿದ್ದರು, ಸಂದಿಗೆ ತಗಡಿನ ಚೂರು ಕೊಟ್ಟು ನೋಡಿದ್ದರು, ಊಟ ನಿದ್ದೆ ಬಿಟ್ಟಿದ್ದರು. ಒಂದು ಸಲ ಹತ್ತಿರ ಹತ್ತಿರ ಬಂದಾಗ ಇಡೀ ಶೆಡ್ಡಿಗೆ ಸಿಹಿ ಹಂಚಿದ್ದರು. ಅದರಲ್ಲೂ ನಾಲ್ಕನೆಯದು ಒಂದಿಷ್ಟು ತಡವರಿಸುತ್ತಿತ್ತು. ಅದು ತಮಗೊಬ್ಬರಿಗೇ ಗೊತ್ತಿತ್ತು. ಈ ಹುಡುಗಿ ಮೇಜಿನ ಮುಂದೆ ಕೂತು ಚಿತ್ರ ಬರೆದಳು, ಯಂತ್ರ ಬೆಳಕಿನಿಂದ ಉಕ್ಕು ಕೊಯ್ದು ಕೊಟ್ಟಿತು. ಮೊದಲ ದಿನ, ಮೊದಲ ಉಗಿಗೇ ಇದು. ಬೆಳಗಿನಿಂದ ಮೇಸ್ತ್ರಿ ಹೊಸ ಸೊಸೆಯ ಅಡುಗೆಯಲ್ಲಿ ಕಲ್ಲು ಹುಡುಕುವ ಅತ್ತೆಯಂತೆ ಎಂಜಿನಿನ ಸುತ್ತ ಬೆರಳಾಡಿಸಿಕೊಂಡು ತಿರುಗಿದ್ದರು. ಬಾಯ್ಲರಿನಲ್ಲಿ ಒಂದೇ ಒಂದು ರಿವೆಟ್ ಇರಲಿಲ್ಲ. ಬೆಸುಗೆ ಹಾಕಿದ ಕಡೆ ಉಗುರಿಗೂ ಏನೂ ಸಿಕ್ಕಲಿಲ್ಲ. ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡೇ ಅವರು ನಗುತ್ತಿದ್ದರು. ಇವಳಿಗೆ ಒಳ್ಳೆಯದು ಮಾಡಪ್ಪ ಎಂದು ಮುಂಜಾನೆ ದೇವರ ಮುಂದೆ ಬೇಡಿಕೊಂಡು ಬಂದಿದ್ದ ಬಾಯಿಯೇ ಈಗ ಆ ಸುಳ್ಳನ್ನು ಆಡಿತ್ತು.

ಅವಳು ಪರದೆಯನ್ನು ಆರಿಸಿ ಜೇಬಿಗಿಟ್ಟಳು. “ಇದಕ್ಕೆ ಸಮ ಅಂದ್ರೇನು ಅಂತ ಹೇಳಿಕೊಟ್ಟೋಳು ನಾನೇ ದೊಡ್ಡಪ್ಪ. ನಾನೋ, ಇವತ್ತಿನವರೆಗೆ ಉಗಿ ಎಂಜಿನು ಓಡೋದನ್ನ ಕಿವಿಯಾರೆ ಕೇಳ್ದೋಳಲ್ಲ. ಅಪ್ಪ ಹೋಗೋಕೆ ಮುಂಚೆ ಒಂದೇ ಮಾತು ಹೇಳಿದ್ರು. ಎಂಜಿನು ಕಟ್ಟಿ ಮುಗಿದ ಮೇಲೆ ನಮ್ಮಣ್ಣನ್ನ ಕರೆದು ಕೇಳ್ಸು, ಅವನು ಸರಿ ಅಂದ್ರೆ ನಾನೇ ಅಂದ ಹಾಗೆ, ಅಂತ.”

ಮೇಸ್ತ್ರಿ ಕನ್ನಡಕ ತೆಗೆದು ಒರೆಸಿಕೊಂಡರು. ಬೇಡ ಬಿಡಮ್ಮಾ, ಇನ್ನೊಂದು ಸಲ ಕೇಳೋಣ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ಒರೆಸುತ್ತಲೇ ಇದ್ದರು.

ಆಗಲೇ ಅವಳು ಉಗಿ ನಿಲ್ಲಿಸಲು ಹೇಳಿ ಅಂಗಿಯ ತೋಳು ಮಡಿಚಿ ಎಂಜಿನಿನ ಪಕ್ಕೆಯ ಕೆಳಗೆ ನುಸುಳಿದ್ದಳು. “ಎಷ್ಟು ಸರಿಸ್ಲಿ ದೊಡ್ಡಪ್ಪ?” ಎಂದು ಕೆಳಗಿನಿಂದಲೇ ಕೇಳಿದಳು.

“ಅರ್ಧ ಮಿಲಿಮೀಟರ್. ಮುಂದಕ್ಕೆ.”

ಎರಡು ಗಂಟೆ ಹಿಡಿಯಿತು. ಬಿಸಿ ಕಬ್ಬಿಣಕ್ಕೆ ಮುಂಗೈ ತಾಗಿ ಒಂದೆಡೆ ಬೊಬ್ಬೆ ಎದ್ದರೂ ಅವಳು ಎದ್ದು ಬರಲಿಲ್ಲ. ವಾಲ್ವಿನ ಸರಳನ್ನು ಸರಿಸಿ ನಟ್ಟು ಬಿಗಿದು, ಮೇಲೆದ್ದು, ಡ್ರೈವರನಿಗೆ ಕೈ ಬೀಸಿದಳು. ಎಂಜಿನು ಹೊರಟಿತು. ಮೊದಲನೆಯ ಉಸಿರು ನೆಗಡಿಯಾದವರದಂತೆ ಮೆತ್ತಗೆ, ಮೂರನೆಯದು ಬಾಗಿಲು ಬಡಿದಂತೆ. ಮೇಸ್ತ್ರಿ ಜೀವಮಾನವಿಡೀ ಸರಿಪಡಿಸಿದ ನೂರಾರು ಕುಂಟು ಎಂಜಿನುಗಳ ಹಾಗೆಯೇ ಇದೂ ಆಯಿತು.

ಎಂಜಿನು ನಿಂತಾಗ ಡ್ರೈವರ್ ಕೆಳಗಿಳಿಯಲಿಲ್ಲ. ಹಿಡಿಕೆಯ ಮೇಲೆ ಕೈಯಿಟ್ಟು ಮೇಸ್ತ್ರಿಯ ಮುಖವನ್ನೇ ನೋಡುತ್ತಿದ್ದ.

“ನನ್ನ ಕಿವಿಗೆ ಬೆಳಿಗ್ಗೇದೇ ಸರಿ ಅನ್ಸಿತ್ತು” ಎಂದು ಅವಳು ನಾಚಿಕೊಂಡು ನಕ್ಕಳು. “ಕಿವಿ ಇನ್ನೂ ಪಳಗಿಲ್ಲ. ಶೆಡ್ಡಲ್ಲಿ ಕಟ್ತಿರೋ ಇನ್ನೆರಡು ಎಂಜಿನಿಗೂ ಇದೇ ಅಳತೆ ಹಾಕಿಬಿಡ್ತೀನಿ. ಈಗ ಸರೀನಾ ದೊಡ್ಡಪ್ಪ?”

ತಮ್ಮನ ಕಣ್ಣೇ ಅವಳ ಮುಖದಲ್ಲಿತ್ತು. ಮೇಸ್ತ್ರಿ ಡ್ರೈವರನ ಕಡೆಗೂ ನೋಡಲಿಲ್ಲ, ಅವಳ ಕಡೆಗೂ ನೋಡಲಿಲ್ಲ.

“ಈಗ ಸರಿ” ಎಂದರು. “ಪಳಗುತ್ತೆ ಮಗೂ. ನನಗೂ ಹತ್ತು ವರ್ಷ ಹಿಡೀತು.”

“ಇನ್ನೊಂದು ಸಲ ಓಡ್ಸಿ ಡ್ರೈವರಣ್ಣ, ಮರೆಯೋ ಮುಂಚೆ” ಎಂದು ಅವಳು ಹಳಿಯ ಪಕ್ಕದಲ್ಲಿ ಮಂಡಿಯೂರಿ ಕೂತಳು. ಎಂಜಿನು ಕುಂಟುತ್ತ ಬಂದಿತು. ಅವಳು ಕಣ್ಣು ಮುಚ್ಚಿ, ಮಗ್ಗಿ ಬಾಯಿಪಾಠ ಮಾಡುವ ಮಗುವಿನಂತೆ ಬೆರಳಿನಿಂದ ತೊಡೆಯ ಮೇಲೆ ತಟ್ಟತೊಡಗಿದಳು: ಒಂದು ಮೆಲ್ಲಗೆ, ಎರಡು, ಮೂರು ಜೋರಾಗಿ, ನಾಲ್ಕು, ಒಂದು ಮೆಲ್ಲಗೆ, ಎರಡು, ಮೂರು ಜೋರಾಗಿ.